ಕತ್ತರಿ ಆಮೇಲೆ, ಮೊದಲು ಇಳಿಸು

ಅಪ್ಪ ಅಮ್ಮನ ಮದುವೆ ಕ್ಯಾಸೆಟ್ಟು ಅಟ್ಟದ ಮೇಲೆ ಸಿಕ್ಕಿತು, ಕಂಪ್ಯೂಟರಿಗೆ ಹಾಕಿ, ಬೇಕಾದ್ದನ್ನಷ್ಟೇ ಉಳಿಸಿ, ಒಳ್ಳೆ ಹಾಡು ಸೇರಿಸಿ ಹತ್ತು ನಿಮಿಷದ್ದೊಂದು ವೀಡಿಯೊ ಮಾಡ್ತೀನಿ ಅಂದೆಯಲ್ಲ ಮಗಾ, ಬಹಳ ಸಂತೋಷ. ಆ ಕಪ್ಪು ಡಬ್ಬಿ ನಿನ್ನ ಕಣ್ಣಿಗೆ ಕಸವಾಗಿ ಕಾಣದೆ ಹೋದದ್ದೇ ದೊಡ್ಡದು. ಆದರೆ ‘ಬೇಕಾದ್ದನ್ನಷ್ಟೇ’ ಅಂದೆ ನೋಡು, ನನ್ನ ತಕರಾರು ಅಲ್ಲಿಂದ ಶುರು. ಯಾವುದು ಬೇಕು, ಯಾವುದು ಬೇಡ ಅನ್ನೋದು ನಿನಗೆ ಈಗ ಗೊತ್ತಿಲ್ಲ. ಗೊತ್ತಾಗುವ ಹೊತ್ತಿಗೆ ಕ್ಯಾಸೆಟ್ಟೂ ಇರೋದಿಲ್ಲ, ಅದನ್ನು ಓಡಿಸುವ ಮೆಷೀನೂ ಇರೋದಿಲ್ಲ. ಅದಕ್ಕೇ ಹೇಳ್ತೀನಿ: ಮೊದಲು ಇಡೀ ಕ್ಯಾಸೆಟ್ಟನ್ನು ತಲೆಯಿಂದ ಬಾಲದವರೆಗೆ, ಕೊನೆಯ ಗರಗರ ಸಮೇತ, ಇದ್ದದ್ದು ಇದ್ದ ಹಾಗೆ ಇಳಿಸು. ಕತ್ತರಿ ಕೈಗೆ ತಗೊಳ್ಳೋದು ಅದಾದ ಮೇಲೆ.

ಅವಸರ ಯಾಕೆ ಅಂದರೆ ಮೆಷೀನಿನ ಕಾರಣಕ್ಕೆ. ವಿಸಿಆರ್ ತಯಾರಿಸುತ್ತಿದ್ದ ಕೊನೆಯ ಕಂಪನಿ ಜಪಾನಿನ ಫುನಾಯ್, 2016ರ ಜುಲೈಯಲ್ಲಿ ಅದೂ ಕೈಬಿಟ್ಟಿತು. ಈಗ ಭೂಮಿ ಮೇಲೆ ಇರೋದೆಲ್ಲ ಹಳೇ ಮೆಷೀನುಗಳೇ, ಸವೆದ ಹೆಡ್ಡು, ಲೊಡ್ಡಾದ ಬೆಲ್ಟು, ಗಟ್ಟಿಯಾದ ಪಿಂಚ್ ರೋಲರು. 2019ರಲ್ಲಿ ಯುನೆಸ್ಕೋ ಕಡೆಯಿಂದಲೇ ಮ್ಯಾಗ್ನೆಟಿಕ್ ಟೇಪಿನ ಬಗ್ಗೆ ಎಚ್ಚರಿಕೆ ಹೊರಟಿತ್ತು. ಟೇಪಿನಲ್ಲಿರೋದನ್ನು 2025ರ ಹೊತ್ತಿಗೆ ಡಿಜಿಟಲ್ ಮಾಡಿಕೊಳ್ಳದಿದ್ದರೆ ಆಮೇಲೆ ಓದಿಸೋದು ಕಷ್ಟ ಅನ್ನೋದು ಅದರ ತಿರುಳು. ಆ ಗಡುವೂ ದಾಟಿತು. ಗಡುವು ದಾಟಿದ ಮರುದಿನವೇ ಟೇಪು ಬೂದಿಯಾಗೋದಿಲ್ಲ, ಹೆದರಬೇಡ. ಆದರೆ ಮಂಡ್ಯದಲ್ಲಿ ವಿಸಿಆರ್ ಬಿಚ್ಚಿ ಕೂರುತ್ತಿದ್ದ ಕೈಗಳು ಈಗ ಎಲ್‌ಇಡಿ ಟಿವಿ, ಮೊಬೈಲು ಬಿಚ್ಚುತ್ತಿವೆ. ಹೆಡ್ ಕ್ಲೀನ್ ಮಾಡಿಕೊಡಿ ಅಂದರೆ ಅಂಗಡಿಯ ಹುಡುಗ ಯಾವ ಹೆಡ್ಡು ಅಂತ ಕೇಳ್ತಾನೆ.

ನಮ್ಮ ಸೀಮೆಯ ಕ್ಯಾಸೆಟ್ಟುಗಳಲ್ಲಿ ಏನೇನು ಕೂತಿದೆ ಅನ್ನೋದನ್ನು ಸ್ವಲ್ಪ ಹೇಳ್ತೀನಿ, ಯಾಕಂದರೆ ನೀನು ಬರೀ ಮದುವೆ ಅಂದುಕೊಂಡಿದ್ದೀಯ. 90ರ ದಶಕದಲ್ಲಿ ಮದ್ದೂರು, ಮಳವಳ್ಳಿ ಕಡೆ ಭುಜದ ಮೇಲೆ ಹೊರುವ ಪ್ಯಾನಸೋನಿಕ್ ಕ್ಯಾಮೆರಾ ಬಂದವು. ಪೂರಾ ಅಳತೆಯ ವಿಎಚ್‌ಎಸ್ ಕ್ಯಾಸೆಟ್ಟೇ ಅದರೊಳಗೆ ಹೋಗುತ್ತಿತ್ತು. ಹಿಂದೊಬ್ಬ ಹುಡುಗ ಸನ್‌ಗನ್ ಲೈಟು ಎತ್ತಿ ಹಿಡಿದು ವೈರು ಎಳೆದುಕೊಂಡು ಓಡಬೇಕು, ಆ ಬೆಳಕಿಗೆ ಮದುಮಗಳ ಕಣ್ಣು ಕುಕ್ಕಿ ನೀರು ಬರಬೇಕು, ನೋಡಿದವರು ಅಳುತ್ತಿದ್ದಾಳೆ ಅಂದುಕೊಳ್ಳಬೇಕು. ಹಿಂದಿನ ಸಂಜೆಯ ಆರತಕ್ಷತೆಯಿಂದ ಬೆಳಗಿನ ಧಾರೆಯವರೆಗೆ, ಅದಾದ ಮೇಲೆ ಬೀಗರ ಊಟದ ಪಂಕ್ತಿಯವರೆಗೆ ಮೂರು ಗಂಟೆ ತುಂಬಿಸಿಕೊಡಬೇಕಿತ್ತು. ಇ-180 ಅಂತ ಅಂಚಿನ ಮೇಲೆ ಬರೆದಿರುತ್ತಲ್ಲ, ಆ 180 ಅಂದರೆ ನಿಮಿಷ. ಕ್ಯಾಸೆಟ್ಟು ಖಾಲಿ ಉಳಿದರೆ ದುಡ್ಡು ಕೊಟ್ಟವರು ಸಹಿಸುತ್ತಿರಲಿಲ್ಲ. ಹಾಗಾಗಿ ಪಂಕ್ತಿಯಲ್ಲಿ ಕೂತ ಪ್ರತಿಯೊಬ್ಬರ ಮುಖಕ್ಕೂ ಕ್ಯಾಮೆರಾ ಹೋಗುತ್ತಿತ್ತು. ಮುದ್ದೆ ಮುರಿಯುತ್ತಿದ್ದ ಕೈ ನಿಲ್ಲಿಸಿ ಅವರು ಒಂದು ಗಳಿಗೆ ಗಂಭೀರವಾಗಿ ನೋಡುತ್ತಿದ್ದರು, ಫೋಟೋಗೆ ನಿಂತ ಹಾಗೆ. ಮುಯ್ಯಿ ಬರೆಯುವವನ ಪುಸ್ತಕದ ಮೇಲೂ ಕ್ಯಾಮೆರಾ ಒಂದು ಸುತ್ತು ಹೊಡೆಯುತ್ತಿತ್ತು.

ಇನ್ನು ನಾಟಕ. ಮಂಡ್ಯ ಜಿಲ್ಲೆಯ ಹಳ್ಳಿಗಳಲ್ಲಿ ಪೌರಾಣಿಕ ನಾಟಕದ ಹುಚ್ಚು ಎಷ್ಟು ಅಂತ ನಿನಗೂ ಗೊತ್ತು. ದುರ್ಯೋಧನನ ಪಾತ್ರ ಬೇಕು ಅಂದರೆ ಕೈಯಿಂದ ದುಡ್ಡು ಹಾಕಬೇಕು. ಮೇಷ್ಟ್ರು ಹಾರ್ಮೋನಿಯಂ ಇಟ್ಟುಕೊಂಡು ತಿಂಗಳುಗಟ್ಟಲೆ ಕಂದ, ವೃತ್ತ ಕಲಿಸಬೇಕು. ಕೊನೆಗೆ ಒಂದು ರಾತ್ರಿ ಸೀನರಿ ಕಟ್ಟಿ ‘ಕುರುಕ್ಷೇತ್ರ’ ಆಡಿದರೆ ಬೆಳಗಾಗಬೇಕು. ಪಾತ್ರಕ್ಕೇ ಅಷ್ಟು ಖರ್ಚು ಮಾಡಿದವನು ವೀಡಿಯೊ ಬಿಡುತ್ತಾನೆಯೇ? ಅದಕ್ಕೇ ಅನೇಕ ಊರುಗಳಲ್ಲಿ ಭೀಮನ ಮನೆಯಲ್ಲೋ ಶಕುನಿಯ ಮನೆಯಲ್ಲೋ ಇಡೀ ರಾತ್ರಿಯ ನಾಟಕ ಮೂರು ನಾಲ್ಕು ಕ್ಯಾಸೆಟ್ಟಾಗಿ ಇದೆ. ಹಬ್ಬಗಳದ್ದೂ ಇರಬೇಕು: ಮಳವಳ್ಳಿಯ ಸಿಡಿ ಹಬ್ಬ, ಊರೂರಿನ ಮಾರಮ್ಮನ ಕೊಂಡ, ಪೂಜಾ ಕುಣಿತ. 1994ರಲ್ಲಿ ಚದುರಂಗರ ಅಧ್ಯಕ್ಷತೆಯಲ್ಲಿ ಮಂಡ್ಯದಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ನಡೆಯಿತಲ್ಲ, ಅದು ಸರಿಯಾಗಿ ವಿಎಚ್‌ಎಸ್ ಕಾಲ. ಮೆರವಣಿಗೆಯ ಅಂಚಿನಲ್ಲಿ ನಿಂತು ಯಾರಾದರೂ ತೆಗೆದಿದ್ದರೆ ಅದು ಇವತ್ತು ಯಾರ ಟ್ರಂಕಿನಲ್ಲಿದೆಯೋ. ಮದುವೆ ದಿಬ್ಬಣದ ಬಸ್ಸಿನ ಕಿಟಕಿಯಿಂದ ತೆಗೆದ ಎರಡು ನಿಮಿಷದ ಹಳೆ ಬೆಂಗಳೂರು-ಮೈಸೂರು ರಸ್ತೆಯೂ ಈಗ ಬೆಲೆಯುಳ್ಳದ್ದೇ. 2023ರ ಮಾರ್ಚಿನಲ್ಲಿ ಹೊಸ ಎಕ್ಸ್‌ಪ್ರೆಸ್ ಹೈವೇ ಉದ್ಘಾಟನೆಯಾಯಿತು, ಮದ್ದೂರು ಪೇಟೆ ಪಕ್ಕಕ್ಕೆ ಸರಿಯಿತು. ಆ ರಸ್ತೆ ಹೇಗಿತ್ತು ಅಂತ ನಿನ್ನ ಮಕ್ಕಳಿಗೆ ಯಾವ ಬಾಯಿಂದ ಹೇಳ್ತೀಯ?

ಸರಿ, ಕೆಲಸಕ್ಕೆ ಬರೋಣ. ಸಿಕ್ಕಿದ ತಕ್ಷಣ ಕ್ಯಾಸೆಟ್ಟನ್ನು ಮೆಷೀನಿಗೆ ತುರುಕಬೇಡ. ಮುಚ್ಚಳದ ಪಕ್ಕದ ಸಣ್ಣ ಗುಂಡಿ ಒತ್ತಿ ಮುಂದಿನ ಬಾಗಿಲು ಎತ್ತಿ ನೋಡು, ಕಿಟಕಿಯ ಮೂಲಕ ಸುರುಳಿ ನೋಡು. ಸುರುಳಿಯ ಮೇಲೆ ಬಿಳಿ ಪುಡಿಯೋ ಜೇಡರ ಬಲೆಯಂಥದ್ದೋ ಕಂಡರೆ ಅದು ಬೂಷ್ಟು. ನಾಲೆ ಬಯಲಿನಲ್ಲಿ, ಗದ್ದೆ ಪಕ್ಕದ ಮನೆಯ ಅಟ್ಟದಲ್ಲಿ, ಮಳೆಗಾಲದ ತೇವ ಕುಡಿದ ಕ್ಯಾಸೆಟ್ಟಿಗೆ ಇದು ಬಾರದೆ ಇರುವುದೇ ಅಪರೂಪ. ಬೂಷ್ಟಿನ ಕ್ಯಾಸೆಟ್ಟು ಒಂದೇ ಒಂದು ಸಲ ಓಡಿಸಿದರೂ ಹೆಡ್ಡಿಗೆ ಮೆತ್ತಿಕೊಂಡು ಮುಂದಿನ ಎಲ್ಲ ಕ್ಯಾಸೆಟ್ಟಿಗೂ ಅಂಟುತ್ತದೆ. ಅಂಥದ್ದನ್ನು ಬೇರೆ ಚೀಲದಲ್ಲಿ ಕಟ್ಟಿ ದೂರ ಇಡು. ಬಿಚ್ಚಿ ಒರೆಸಬೇಕಾದರೆ ಮೂಗಿಗೆ ಮಾಸ್ಕ್ ಹಾಕಿಕೊಂಡು ಹೊರಗೆ ಜಗುಲಿಯಲ್ಲಿ ಮಾಡು, ಅಡಿಗೆಮನೆಯಲ್ಲಿ ಬೇಡ. ನಿನ್ನ ಕೈಲಾಗದಿದ್ದರೆ ಅದು ಗೊತ್ತಿದ್ದವರಿಗೆ ಕೊಡು. ಆ ಖರ್ಚು ಮಾಡಬಹುದಾದ ಖರ್ಚು.

ಬಿಸಿಲಿಗೆ ಹಾಕಿ ಒಣಗಿಸ್ತೀನಿ ಅಂತ ಹೋಗಬೇಡ. ಹಪ್ಪಳವಲ್ಲ ಅದು. ಗಾಳಿಯಾಡುವ ಒಣ ಕೋಣೆಯಲ್ಲಿ ನೆಟ್ಟಗೆ ನಿಲ್ಲಿಸಿ ಕೆಲವು ದಿನ ಬಿಟ್ಟರೆ ಸಾಕು. ಬೆನ್ನಿನ ಮೇಲಿರುವ ಪ್ಲಾಸ್ಟಿಕ್ ಹಲ್ಲು ಮುರಿದಿದೆಯೇ ನೋಡು. ಮುರಿದಿದ್ದರೆ ಅದರ ಮೇಲೆ ಯಾರೂ ರೆಕಾರ್ಡ್ ಮಾಡಲಾರರು. ಮುರಿಯದಿದ್ದರೆ ಈಗಲೇ ಮುರಿದುಬಿಡು. ಎಷ್ಟೋ ಮನೆಯಲ್ಲಿ ಧಾರೆಯ ಮೇಲೆ ಭಾನುವಾರದ ಸಿನಿಮಾ ಕೂತದ್ದು ಈ ಹಲ್ಲು ಇದ್ದ ಕಾರಣಕ್ಕೇ. ಬಹುಕಾಲ ಸುಮ್ಮನಿದ್ದ ಟೇಪನ್ನು ಮೊದಲು ಒಮ್ಮೆ ಕೊನೆಯವರೆಗೆ ಮುಂದಕ್ಕೂ ಮತ್ತೆ ಹಿಂದಕ್ಕೂ ಸುತ್ತಿಸು, ಸುರುಳಿಯ ಬಿಗಿ ಸಮವಾಗುತ್ತದೆ. ಸುತ್ತುವಾಗ ಕಿರುಗುಟ್ಟಿದರೆ, ನಿಂತು ನಿಂತು ಹೋದರೆ, ಬಲವಂತ ಮಾಡದೆ ನಿಲ್ಲಿಸು. ಟೇಪು ತುಂಡಾಗಿದ್ದರೆ ಕೆಳಗಿನ ಐದು ಸ್ಕ್ರೂ ಬಿಚ್ಚಿ ಜೋಡಿಸಬಹುದು, ಆದರೆ ಅದಕ್ಕೇ ಅಂತ ಬರುವ ಸ್ಪ್ಲೈಸಿಂಗ್ ಟೇಪಿನಿಂದ. ಪುಸ್ತಕಕ್ಕೆ ಅಂಟಿಸುವ ಸೆಲೋಟೇಪು ಹಾಕಿದರೆ ಅದರ ಗೋಂದು ಬಿಸಿಗೆ ಇಳಿದು ಹೆಡ್ಡನ್ನೇ ತಿನ್ನುತ್ತದೆ.

ಈಗ ಹೆಡ್ಡಿನ ವಿಷಯ. ವಿಸಿಆರ್ ಒಳಗೆ ಓರೆಯಾಗಿ ಕೂತ ಉರುಳೆ ನಿಮಿಷಕ್ಕೆ 1500 ಸುತ್ತು ತಿರುಗುತ್ತದೆ, ಅಂದರೆ ಸೆಕೆಂಡಿಗೆ 25. ಅದರಲ್ಲಿರುವ ಎರಡು ಹೆಡ್ಡು ಒಂದೊಂದು ಸುತ್ತಿಗೆ ಟೇಪಿನ ಮೇಲೆ ಓರೆ ಗೆರೆಯನ್ನು ಓದುತ್ತವೆ, ಹಾಗೆ ಸೆಕೆಂಡಿಗೆ 50 ಅರ್ಧಚಿತ್ರ. ನಮ್ಮ ದೇಶದ ಕರೆಂಟಿನ 50 ಹರ್ಟ್ಸಿಗೆ, ನಮ್ಮ ಪಿಎಎಲ್ ಟಿವಿಗೆ ಇದೇ ಲೆಕ್ಕ. 1982ರ ಏಷ್ಯನ್ ಗೇಮ್ಸ್ ಹೊತ್ತಿಗೆ ಕಲರ್ ಟಿವಿ ಬಂದಾಗಿನಿಂದ ನಮ್ಮದು ಪಿಎಎಲ್ಲೇ. ಇಷ್ಟು ವೇಗದಲ್ಲಿ ತಿರುಗುವ, ಕೂದಲಿಗಿಂತ ನವಿರಾದ ಹೆಡ್ಡಿನ ಮೇಲೆ ಹಳೆ ಟೇಪಿನ ಪುಡಿ ಕೂತರೆ ಚಿತ್ರದಲ್ಲಿ ಹಿಮ ಸುರಿಯುತ್ತದೆ. ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಮೆತ್ತಗಿನ ಶಾಮಿ ಚರ್ಮವನ್ನು ಉರುಳೆಗೆ ಒತ್ತಿ ಹಿಡಿದು, ಉರುಳೆಯನ್ನು ಕೈಯಲ್ಲಿ ಅಡ್ಡಡ್ಡ ತಿರುಗಿಸಬೇಕು. ಮೇಲೆ ಕೆಳಗೆ ಉಜ್ಜಿದರೆ ಹೆಡ್ಡು ಮುರಿಯುತ್ತದೆ. ಹತ್ತಿ ಕಡ್ಡಿಯ ಎಳೆ ಸಿಕ್ಕಿಕೊಂಡರೂ ಹೋಯಿತು.

ಮೆಷೀನು ಎಲ್ಲಿ ಸಿಗುತ್ತದೆ ಅಂತ ಕೇಳಿದೆ. ಮೊದಲು ಮನೆಯವರನ್ನೇ ಕೇಳು. ಹಳ್ಳಿಯಲ್ಲಿ ಹಬ್ಬಕ್ಕೆ ಟಿವಿ, ವಿಸಿಪಿ ಬಾಡಿಗೆಗೆ ತಂದು ರಾತ್ರಿಯಿಡೀ ಸಿನಿಮಾ ಹಾಕುತ್ತಿದ್ದ ಕಾಲದ ಪೆಟ್ಟಿಗೆ ಯಾರಾದರೂ ಒಬ್ಬರ ಮನೆಯಲ್ಲಿ ಧೂಳು ತಿನ್ನುತ್ತಿರುತ್ತದೆ. ರೆಕಾರ್ಡ್ ಮಾಡಲಾಗದ ಬರೀ ಪ್ಲೇಯರ್, ವಿಸಿಪಿ ಆದರೂ ನಡೆಯುತ್ತದೆ, ನಿನಗೆ ಓಡಿಸೋದಷ್ಟೇ ಬೇಕಾಗಿರೋದು. ಸಿಗದಿದ್ದರೆ ಬೆಂಗಳೂರಿನ ಸಂಡೇ ಬಜಾರು, ಎಸ್‌.ಪಿ. ರೋಡು. ಕೊಳ್ಳುವ ಮುಂಚೆ ಬೆಲೆಯಿಲ್ಲದ ಒಂದು ಕ್ಯಾಸೆಟ್ಟು ತಗೊಂಡು ಹೋಗಿ ಎದುರಿಗೇ ಓಡಿಸಿ ನೋಡು. ಅಪ್ಪನ ಮದುವೆಯನ್ನು ಹೊಸ ಮೆಷೀನಿಗೆ ಮೊದಲ ತುತ್ತಾಗಿ ಕೊಡಬೇಡ.

ವಿಸಿಆರಿನಿಂದ ಕಂಪ್ಯೂಟರಿಗೆ ಬರುವ ದಾರಿಯಲ್ಲಿ ನೀನು ತರಿಸಿರುವ ಕ್ಯಾಪ್ಚರ್ ಡಬ್ಬಿ ಕೂರುತ್ತದೆ. ಹಳದಿ ವೈರು ಚಿತ್ರಕ್ಕೆ, ಬಿಳಿ ಕೆಂಪು ಧ್ವನಿಗೆ, ಇನ್ನೊಂದು ತುದಿ ಯುಎಸ್‌ಬಿ. ಕೆಲವು ನೂರು ರೂಪಾಯಿಯ ಈಜಿಕ್ಯಾಪ್ ಥರದ ಡಬ್ಬಿಗಳನ್ನು ಬಯ್ಯುವವರು ಬಹಳ. ನಾನು ಪೂರ್ತಿ ಬಯ್ಯೋದಿಲ್ಲ, ಒಳ್ಳೆಯ ಟೇಪಿಗೆ ಅವೂ ಪರವಾಗಿಲ್ಲ. ತೊಂದರೆ ಬರೋದು ನಮ್ಮಂಥ ಹಳೆ ಟೇಪಿಗೆ. ಟೇಪು ಎಳೆದುಕೊಂಡಿರುತ್ತದೆ, ಗೆರೆಗಳು ಸರಿಯಾದ ಗಳಿಗೆಗೆ ಬರೋದಿಲ್ಲ, ಹಳೆ ಟಿವಿ ಅದನ್ನು ಹೇಗೋ ಹೊಂದಿಸಿಕೊಂಡು ತೋರಿಸುತ್ತಿತ್ತು. ಡಿಜಿಟಲ್ ಡಬ್ಬಿ ಹೊಂದಿಸಿಕೊಳ್ಳೋದಿಲ್ಲ. ಚಿತ್ರದ ತಲೆ ಬಾಗುತ್ತದೆ, ನಡುನಡುವೆ ಫ್ರೇಮು ಬಿದ್ದುಹೋಗುತ್ತದೆ, ಅರ್ಧ ಗಂಟೆ ಕಳೆಯುವಷ್ಟರಲ್ಲಿ ಪುರೋಹಿತರ ಬಾಯಿಗೂ ಮಂತ್ರಕ್ಕೂ ಸಂಬಂಧ ತಪ್ಪಿರುತ್ತದೆ. ಇದಕ್ಕೆ ಟೈಮ್ ಬೇಸ್ ಕರೆಕ್ಟರ್ ಅಂತ ಒಂದು ಉಪಕರಣವಿದೆ, ದುಬಾರಿ. ಬಡವರ ದಾರಿ ಬೇರೆ: ಹಳೆಯ ಡಿವಿಡಿ ರೆಕಾರ್ಡರ್ ಸಿಕ್ಕರೆ ವಿಸಿಆರನ್ನು ಅದರೊಳಗೆ ಹಾಯಿಸಿ ಡಬ್ಬಿಗೆ ಕೊಡು, ರೆಕಾರ್ಡ್ ಮಾಡಬೇಕಾಗಿಲ್ಲ. ಕೆಲವು ರೆಕಾರ್ಡರುಗಳು ಸುಮ್ಮನೆ ಹಾದುಹೋಗುವಾಗಲೇ ಚಿತ್ರವನ್ನು ನೆಟ್ಟಗೆ ಮಾಡಿ ಕಳಿಸುತ್ತವೆ. ಅನಲಾಗ್ ಒಳಹಾದಿ ಇರುವ ಮಿನಿಡಿವಿ ಅಥವಾ ಡಿಜಿಟಲ್8 ಕ್ಯಾಮ್‌ಕಾರ್ಡರ್ ಸಿಕ್ಕರೂ ಸರಿಯೇ. ವಿಸಿಆರಿನ ವೈರು ಅದಕ್ಕೆ, ಅದರಿಂದ ಫೈರ್‌ವೈರ್ ಕಂಪ್ಯೂಟರಿಗೆ. ಈಗಿನ ಕಂಪ್ಯೂಟರಿನಲ್ಲಿ ಫೈರ್‌ವೈರ್ ಕಿಂಡಿ ಇರೋದಿಲ್ಲ, ಡೆಸ್ಕ್‌ಟಾಪ್ ಆದರೆ ಒಂದು ಕಾರ್ಡು ಚುಚ್ಚಿಕೊಳ್ಳಬಹುದು. ಈ ಕೆಲಸಕ್ಕೆ ಲ್ಯಾಪ್‌ಟಾಪಿಗಿಂತ ಡೆಸ್ಕ್‌ಟಾಪೇ ವಾಸಿ ಅಂತ ನಾನು ಅನ್ನೋದು ಇಂಥ ಕಾರಣಕ್ಕೇ.

ಸಾಫ್ಟ್‌ವೇರು ತೆರೆದ ಕೂಡಲೇ ನೋಡಬೇಕಾದ್ದು ಒಂದು: ಎನ್‌ಟಿಎಸ್‌ಸಿ ಅಂತ ಇದ್ದರೆ ಪಿಎಎಲ್ ಮಾಡು. ಡಬ್ಬಿ ಎಲ್ಲಿಯದೋ, ಅದರ ಹುಟ್ಟುಗುಣ ಅಮೆರಿಕದ್ದು. ಚಿತ್ರ ಕಪ್ಪುಬಿಳುಪಾಗಿ ಉರುಳಾಡುತ್ತಿದೆ, ಕ್ಯಾಸೆಟ್ಟೇ ಹಾಳಾಗಿದೆ ಅಂತ ಎಷ್ಟೋ ಜನ ಕ್ಯಾಸೆಟ್ಟು ಎಸೆದದ್ದು ಈ ಒಂದು ಗುಂಡಿ ಒತ್ತದೆ. ಅಳತೆ 720ಕ್ಕೆ 576, ಸೆಕೆಂಡಿಗೆ 25 ಫ್ರೇಮು, ಧ್ವನಿ 48 ಕಿಲೋಹರ್ಟ್ಸ್. ವಿಎಚ್‌ಎಸ್ ಅಡ್ಡಕ್ಕೆ ಹಿಡಿಯೋದೇ ಸುಮಾರು 240 ಗೆರೆಯಷ್ಟು ವಿವರ, ಹಾಗಾಗಿ ಫುಲ್ ಎಚ್‌ಡಿಯಲ್ಲಿ ಕ್ಯಾಪ್ಚರ್ ಮಾಡ್ತೀವಿ, 4ಕೆ ಮಾಡ್ತೀವಿ ಅನ್ನುವ ಅಂಗಡಿ ಬೋರ್ಡು ನೋಡಿ ಮರುಳಾಗಬೇಡ. ದುಡ್ಡು ಖರ್ಚು ಮಾಡುವುದಾದರೆ ಹಾರ್ಡ್ ಡಿಸ್ಕಿಗೆ ಮಾಡು. ವರ್ಚುವಲ್‌ಡಬ್ ಅಂತ ಪುಕ್ಕಟೆ ಸಾಫ್ಟ್‌ವೇರಿದೆ, ಹಳೆಯದು, ನೋಡೋಕೆ ಚೆಂದವಿಲ್ಲ, ಕೆಲಸಕ್ಕೆ ಗಟ್ಟಿ. ಅದರಲ್ಲಿ ಹಫ್‌ವೈಯುವಿ ಅಥವಾ ಎಫ್‌ಎಫ್‌ವಿ1 ಥರದ ನಷ್ಟವಿಲ್ಲದ ಕೋಡೆಕ್ ಹಾಕಿ ಇಳಿಸಿದರೆ ಗಂಟೆಗೆ ಸುಮಾರು 30 ಜಿಬಿ ನುಂಗುತ್ತದೆ. ಫೈರ್‌ವೈರ್ ದಾರಿಯ ಡಿವಿ ಆದರೆ ಗಂಟೆಗೆ 13 ಜಿಬಿ. ಹೊರಗಿನ ಡಿಸ್ಕು ಎಫ್‌ಎಟಿ32 ಆಗಿದ್ದರೆ 4 ಜಿಬಿಗೇ ಫೈಲು ನಿಂತುಬಿಡುತ್ತದೆ, ಎನ್‌ಟಿಎಫ್‌ಎಸ್ ಮಾಡಿಟ್ಟುಕೊ.

ನೇರವಾಗಿ ಎಂಪಿ4ಗೆ ಇಳಿಸಬಾರದೇ ಅಂತ ಕೇಳ್ತೀಯ. ನೋಡೋದಕ್ಕಷ್ಟೇ ಆದರೆ ಆಗಬಹುದು. ಎಡಿಟ್ ಮಾಡ್ತೀನಿ ಅಂದೆಯಲ್ಲ, ಅದಕ್ಕೇ ಬೇಡ. ಒತ್ತಿ ಚಿಕ್ಕದು ಮಾಡಿದ್ದನ್ನು ಬಿಚ್ಚಿ, ಕತ್ತರಿಸಿ, ಮತ್ತೆ ಒತ್ತಿದರೆ ಪ್ರತಿ ಸಲವೂ ಒಂದಿಷ್ಟು ಸೋರುತ್ತದೆ. ಟೇಪಿನ ಗರಗರವನ್ನು ಎಂಪಿ4 ಚಿತ್ರ ಅಂತಲೇ ತಿಳಿದು ಅದಕ್ಕೆ ಜಾಗ ಕೊಡುತ್ತದೆ, ಮುಖಕ್ಕೆ ಕಡಿಮೆ ಬೀಳುತ್ತದೆ. ಈ ಸೋರಿಕೆಯನ್ನು ಮದುವೆ ವೀಡಿಯೊ ಕಸುಬಿನ ನಾವು ಬೇರೆ ರೀತಿಯಲ್ಲಿ ಉಂಡವರು. 90ರ ದಶಕದ ಕೊನೆಗೆ ಮಿಕ್ಸಿಂಗ್ ಕಂಪ್ಯೂಟರಿಗೆ ಬಂದಾಗ ಪಿನಾಕಲ್ ಕಾರ್ಡು ಹಾಕಿಕೊಂಡು ಕ್ಯಾಸೆಟ್ಟನ್ನು ಒಳಗೆ ತಂದು, ಹೃದಯದ ಆಕಾರ, ಗುಲಾಬಿ ದಳ, ಮದುಮಕ್ಕಳ ಹೆಸರು ಎಲ್ಲ ಹಾಕಿ, ಮತ್ತೆ ಕ್ಯಾಸೆಟ್ಟಿಗೇ ಬಿಡುತ್ತಿದ್ದೆವು. ಮದುವೆ ಮನೆಯಲ್ಲಿ ಇದ್ದದ್ದು ವಿಸಿಆರು ತಾನೇ. ಅದಕ್ಕೂ ಮುಂಚೆ ಎರಡು ಡೆಕ್ಕು ಇಟ್ಟು ಟೇಪಿನಿಂದ ಟೇಪಿಗೆ. ಅಂದರೆ ನಿನ್ನ ಕೈಯಲ್ಲಿರೋದು ಬಹುಪಾಲು ಕಾಪಿಯೇ, ಮೂಲವಲ್ಲ. ಕ್ಯಾಮೆರಾದಿಂದ ಬಂದ ಮಾಸ್ಟರ್ ಕ್ಯಾಸೆಟ್ಟನ್ನು ಸ್ಟುಡಿಯೋದವರು ಮುಂದಿನ ಮುಹೂರ್ತಕ್ಕೆ ಮತ್ತೆ ಬಳಸುತ್ತಿದ್ದರು, ಹೊಸ ಕ್ಯಾಸೆಟ್ಟಿಗೆ ದುಡ್ಡು ಬೇಕಲ್ಲ. ಆದರೂ ಕೇಳಿ ನೋಡು. ಅಂಗಡಿ ಮುಚ್ಚಿದ್ದರೂ ಕೆಲವರು ಪೆಟ್ಟಿಗೆ ಇಟ್ಟುಕೊಂಡಿದ್ದಾರೆ. ಮೂಲ ಸಿಕ್ಕರೆ ಹಾಡಿಲ್ಲದ, ಹೃದಯವಿಲ್ಲದ ನಿಜವಾದ ಮದುವೆ ಸಿಗುತ್ತದೆ.

ಇಳಿಸುವಾಗ ಮೂರು ಗಂಟೆಯ ಕ್ಯಾಸೆಟ್ಟಿಗೆ ಮೂರು ಗಂಟೆಯೇ ಬೇಕು. ಬೇಗ ಮಾಡುವ ಉಪಾಯ ಇಲ್ಲ. ಗಂಟೆಗೆ 90,000 ಫ್ರೇಮು ಒಂದೊಂದಾಗಿ ಬರಬೇಕು. ವರ್ಚುವಲ್‌ಡಬ್ ಎಷ್ಟು ಫ್ರೇಮು ಬಿತ್ತು ಅಂತ ಪಕ್ಕದಲ್ಲೇ ಲೆಕ್ಕ ತೋರಿಸುತ್ತದೆ, ಆ ಸಂಖ್ಯೆ ಓಡತೊಡಗಿದರೆ ನಿಲ್ಲಿಸಿ ಹೆಡ್ಡು, ವೈರು ನೋಡು. ಆ ಹೊತ್ತಿನಲ್ಲಿ ಅದೇ ಕಂಪ್ಯೂಟರಿನಲ್ಲಿ ಯೂಟ್ಯೂಬ್ ನೋಡಬೇಡ, ಆಂಟಿವೈರಸ್ ಓಡಿಸಬೇಡ. ಯುಪಿಎಸ್‌ಗೆ ಕಂಪ್ಯೂಟರಿನ ಜೊತೆಗೆ ವಿಸಿಆರನ್ನೂ ಸೇರಿಸು. ಧಾರೆ ಎರೆಯುವ ಹೊತ್ತಿಗೆ ಸರಿಯಾಗಿ ಕರೆಂಟು ಹೋದರೆ ಟೇಪು ಉರುಳೆಗೆ ಸುತ್ತಿಕೊಂಡೇ ನಿಲ್ಲುತ್ತದೆ, ತೆಗೆಯೋಕೆ ಹೋಗಿ ಸುಕ್ಕು ಬೀಳುತ್ತದೆ. ನೀನು ಎದ್ದು ಹೋಗದೆ ಪಕ್ಕದಲ್ಲೇ ಕೂತು ನೋಡು. ಕೈಯಲ್ಲೊಂದು ನೋಟ್‌ಬುಕ್ಕು ಇರಲಿ. ಟ್ರ್ಯಾಕಿಂಗ್ ಎಲ್ಲಿ ತಪ್ಪಿತು, ಎಲ್ಲಿ ಸರಿಯಾಯಿತು ಅಂತ ಬರೆದುಕೊಂಡರೆ ಆ ಭಾಗವನ್ನಷ್ಟೇ ಇನ್ನೊಮ್ಮೆ ಇಳಿಸಬಹುದು.

ನಿಮ್ಮ ಪೆಟ್ಟಿಗೆಯಲ್ಲಿ ಚಿಕ್ಕ ಕ್ಯಾಸೆಟ್ಟುಗಳೂ ಇವೆ ಅಂದೆ. ಅಂಗೈ ಅಗಲದ ದಪ್ಪನೆಯದಾದರೆ ವಿಎಚ್‌ಎಸ್-ಸಿ, ಅದನ್ನು ಒಂದು ಅಡಾಪ್ಟರಿನಲ್ಲಿ ಕೂರಿಸಿ ದೊಡ್ಡ ಮೆಷೀನಿಗೆ ಹಾಕಬಹುದು. ಆಡಿಯೊ ಕ್ಯಾಸೆಟ್ಟಿನಂತೆ ಇದ್ದು 8 ಅಂತ ಬರೆದಿದ್ದರೆ ವೀಡಿಯೊ8 ಅಥವಾ ಹೈ8. ಅದಕ್ಕೆ ಅಂಥ ಅಡಾಪ್ಟರ್ ಇಲ್ಲ, ಇದೆ ಅಂತ ಯಾರಾದರೂ ಮಾರಲು ಬಂದರೆ ನಂಬಬೇಡ. ಟೇಪಿನ ಅಗಲವೇ ಬೇರೆ, ಅದೇ ಜಾತಿಯ ಕ್ಯಾಮೆರಾ ಬೇಕು. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದಿದ್ದರೆ ಮಿನಿಡಿವಿ. ಅದರಲ್ಲಿರೋದು ಆಗಲೇ ಡಿಜಿಟಲ್, ಫೈರ್‌ವೈರಿನಲ್ಲೇ ಎಳೆದುಕೊ, ಹಳದಿ ವೈರಿನಲ್ಲಿ ತಂದು ಕೆಡಿಸಬೇಡ.

ಧ್ವನಿಯ ಬಗ್ಗೆ ಒಂದು ಗುಟ್ಟು. ಮದುವೆ ಕ್ಯಾಸೆಟ್ಟಿನಲ್ಲಿ ಮೂಲ ಧ್ವನಿ ಅಳಿಸಿ ಸಿನಿಮಾ ಹಾಡು ತುಂಬಿಸುವುದು ರೂಢಿಯಾಗಿತ್ತು. ಆದರೆ ವಿಎಚ್‌ಎಸ್ ಹೈಫೈ ಮೆಷೀನಿನಲ್ಲಿ ರೆಕಾರ್ಡಾದ ಟೇಪಿನಲ್ಲಿ ಧ್ವನಿ ಎರಡು ಕಡೆ ಕೂತಿರುತ್ತದೆ: ಟೇಪಿನ ಅಂಚಿನ ಗೆರೆಯಲ್ಲೊಂದು, ಚಿತ್ರದ ಅಡಿಯಲ್ಲಿ ಹುದುಗಿ ಇನ್ನೊಂದು. ಆಮೇಲೆ ಆಡಿಯೊ ಡಬ್ ಮಾಡಿದರೆ ಅಂಚಿನದಷ್ಟೇ ಬದಲಾಗುತ್ತದೆ. ಚಿತ್ರದ ಅಡಿಯದನ್ನು ಚಿತ್ರ ಅಳಿಸದೆ ಮುಟ್ಟೋಕಾಗೋದಿಲ್ಲ. ಅದಕ್ಕೇ ಹೈಫೈ ಮೆಷೀನು ಸಿಕ್ಕರೆ ಎರಡನ್ನೂ ಬದಲಿಸಿ ಕೇಳು. ಎಲ್ಲ ಕ್ಯಾಸೆಟ್ಟಿನಲ್ಲೂ ಸಿಗೋದಿಲ್ಲ, ಟೇಪಿನಿಂದ ಟೇಪಿಗೆ ಕಾಪಿಯಾಗುವಾಗಲೇ ಹಾಡು ಬೆರೆತಿದ್ದರೆ ಮುಗಿಯಿತು. ಆದರೆ ಸಿಕ್ಕಾಗ, ಹಾಡಿನ ಹಿಂದೆ ಮೂವತ್ತು ವರ್ಷ ಅಡಗಿದ್ದ ಓಲಗ, ‘ಏ ಸೈಡಿಗೆ ಬಾರ್ಲಾ’ ಅನ್ನುವ ಕೂಗು, ಸೋಬಾನೆ ಪದ ಹೇಳುತ್ತಿರುವ ಹೆಂಗಸರ ದನಿ ಒಟ್ಟಿಗೆ ಎದ್ದು ಬರುತ್ತವೆ. ಸೋಬಾನೆ ಬಾಯಿಪಾಠವಿದ್ದ ಆ ತಲೆಮಾರು ಈಗ ಎಷ್ಟು ಉಳಿದಿದೆ ಹೇಳು. ಮದುವೆ ವೀಡಿಯೊಗೆ ಹಾಡು ಹಾಕುತ್ತಿದ್ದ ನಮ್ಮ ಕಸುಬಿನವರ ಮೇಲೆ ನನಗೆ ಇವತ್ತಿಗೂ ಸಿಟ್ಟಿರೋದು ಇದಕ್ಕೆ. ಗಿರಾಕಿಯೂ ಕೇಳುತ್ತಿದ್ದ ಅನ್ನೋದು ನಿಜವೇ.

ಎಲ್ಲ ಇಳಿಸಿ, ಇನ್ನೊಂದು ಡಿಸ್ಕಿಗೆ ಕಾಪಿ ಮಾಡಿಟ್ಟ ಮೇಲೆ ಕತ್ತರಿ ಹಿಡಿ. ಕೆಡೆನ್‌ಲೈವ್, ಶಾಟ್‌ಕಟ್ ಎರಡೂ ಪುಕ್ಕಟೆ, ಸಾಕಷ್ಟು ಒಳ್ಳೆಯವು. ಮೊದಲು ಚಿತ್ರದ ಆಕಾರ ನೋಡು. ನಮ್ಮದು ನಾಲ್ಕಕ್ಕೆ ಮೂರು. ಈಗಿನ ಅಗಲ ಟಿವಿಗೆ ತುಂಬಲಿ ಅಂತ ಎಳೆದರೆ ಸಣಕಲು ಮದುಮಗನೂ ದೊಡ್ಡ ಸಾಹುಕಾರನಂತೆ ಊದಿಕೊಳ್ಳುತ್ತಾನೆ. ಪಕ್ಕದ ಕಪ್ಪು ಪಟ್ಟಿ ಇರಲಿ, ಬಿಡು. ಕೈ ಬೀಸಿದಾಗ, ಹಾರ ಹಾಕಿದಾಗ ಅಂಚು ಬಾಚಣಿಗೆ ಹಲ್ಲಿನಂತೆ ಒಡೆದು ಕಾಣುತ್ತದಲ್ಲ, ಅದು ಆ 50 ಅರ್ಧಚಿತ್ರಗಳ ಕೆಲಸ. ಡಿಇಂಟರ್‌ಲೇಸ್ ಮಾಡುವಾಗ ಸೆಕೆಂಡಿಗೆ 50 ಪೂರ್ಣ ಫ್ರೇಮಾಗುವ ಹಾಗೆ ಮಾಡು, 25ಕ್ಕೆ ಇಳಿಸಿದರೆ ಕುಣಿತದ ಹೆಜ್ಜೆಯ ಚುರುಕು ಅರ್ಧ ಹೋಗುತ್ತದೆ. ಹೆಜ್ಜೆ ಮುಂದೆ ಹಿಂದೆ ತಡವರಿಸಿದಂತೆ ಕಂಡರೆ ಮೇಲಿನ ಗೆರೆ ಮೊದಲೋ ಕೆಳಗಿನದೋ ಅನ್ನುವ ಆಯ್ಕೆ ತಿರುಗಿಸು. ಡಿವಿಗೆ ಕೆಳಗಿನದು ಮೊದಲು, ಮಾಮೂಲಿ ಡಬ್ಬಿಗೆ ಹೆಚ್ಚಾಗಿ ಮೇಲಿನದು. ಚಿತ್ರದ ತೀರ ಕೆಳಗೆ ಹರಿದ ಹಾಗೆ ಕಾಣುವ ಪಟ್ಟಿ ಹೆಡ್ಡು ಬದಲಾಗುವ ಜಾಗ. ಹಳೆ ಟಿವಿ ಅದನ್ನು ಚೌಕಟ್ಟಿನ ಹಿಂದೆ ಮುಚ್ಚಿಡುತ್ತಿತ್ತು. ಅದರ ಮೇಲೊಂದು ಕಪ್ಪು ಪಟ್ಟಿ ಹಾಕಿದರೆ ಸಾಕು.

ಎಐ ಹಾಕಿ ಚಿತ್ರ ಸ್ಪಷ್ಟ ಮಾಡ್ತೀನಿ ಅನ್ನೋದು ಈಗಿನ ಮೋಹ. ಚಪ್ಪರಕ್ಕೆ, ಬಸ್ಸಿಗೆ ಮಾಡಿಕೊ. ಮುಖಕ್ಕೆ ಬೇಡ. ಟೇಪಿನಲ್ಲಿ ಇಲ್ಲದ ವಿವರವನ್ನು ಅದು ಎಲ್ಲಿಂದ ತಂದೀತು? ಬೇರೆ ಯಾರದೋ ಸಾವಿರ ಮುಖ ನೋಡಿ ಕಲಿತ ಕಣ್ಣು ಮೂಗು ತಂದು ನಿನ್ನ ಅಜ್ಜಿಗೆ ಇಡುತ್ತದೆ. ಆ ಅಜ್ಜಿ ನಮ್ಮ ಊರಿನವಳಲ್ಲ.

ಕತ್ತರಿಸುವಾಗ ಯಾವುದನ್ನು ಬಿಡಬೇಕು ಅಂತ ಕೇಳಿದರೆ, ಕೈಬಿಡಬೇಕಾದ್ದು ನಾವು ಹಾಕಿದ ಗುಲಾಬಿ ದಳ. ಇಟ್ಟುಕೊಳ್ಳಬೇಕಾದ್ದು ನೀನು ಬೋರು ಅಂದ ಪಂಕ್ತಿ. ಧಾರೆ ಎಲ್ಲ ಮದುವೆಯಲ್ಲೂ ಒಂದೇ ಥರ, ಅದರ ಫೋಟೋವೂ ಇದೆ. ಊಟಕ್ಕೆ ಕೂತ ನೂರಾರು ಜನರಲ್ಲಿ ಫೋಟೋ ಎಂದರೇನು ಅಂತ ಕಾಣದೆ ಸತ್ತವರಿದ್ದಾರೆ. ಅವರ ನಡಿಗೆ, ನಗು, ಎಲೆಯಡಿಕೆ ಜಗಿಯುವ ರೀತಿ ಇರೋದು ಭೂಮಿಯ ಮೇಲೆ ಆ ಐದು ಸೆಕೆಂಡಿನಲ್ಲಿ ಮಾತ್ರ. ಮನೆಯವರಿಗೆ ತೋರಿಸಲು ಹತ್ತು ನಿಮಿಷದ್ದು ಮಾಡು, ಬೇಡ ಅನ್ನೋದಿಲ್ಲ, ಮೂರು ಗಂಟೆ ಯಾರು ನೋಡ್ತಾರೆ. ಅದರ ಜೊತೆಗೆ ಪಂಕ್ತಿಯದೇ ಒಂದು ಬೇರೆ ಮಾಡಿ, ನಿಮ್ಮ ಸೋದರತ್ತೆಯನ್ನೋ ದೊಡ್ಡಪ್ಪನನ್ನೋ ಪಕ್ಕದಲ್ಲಿ ಕೂರಿಸಿಕೊಂಡು ಓಡಿಸು. ಮೊಬೈಲಿನಲ್ಲಿ ಅವರ ಮಾತು ರೆಕಾರ್ಡ್ ಆಗುತ್ತಿರಲಿ. ಇವನು ಹಲಗೂರಿನವನು, ಇವಳು ಕೊಪ್ಪದ ಕಡೆಯವಳು, ಇವರ ಮನೆಗೆ ನಾವು ಮುಯ್ಯಿ ವಾಪಸು ಮಾಡಿಲ್ಲ, ಹೀಗೆ ಬರುತ್ತದೆ ನೋಡು. ಆ ಹೆಸರುಗಳನ್ನು ಟೈಟಲ್ಲಾಗಿ ಕೆಳಗೆ ಹಾಕು. ನಾಟಕದ ಕ್ಯಾಸೆಟ್ಟಿಗೂ ಇದೇ ಮಾತು: ಯಾವ ಪಾತ್ರ ಯಾರದು, ಮೇಷ್ಟ್ರು ಯಾರು, ತಬಲಾ ಯಾರದು ಅಂತ ತಿಳಿದಿರುವವರು ಇರುವಾಗಲೇ ಬರೆದುಕೊ.

ಚಿತ್ರದ ಮೂಲೆಯಲ್ಲಿ ಮೂಡುವ ತಾರೀಖನ್ನು ನಂಬಬೇಡ. ಕ್ಯಾಮೆರಾದ ಗಡಿಯಾರದ ಸೆಲ್ಲು ಸತ್ತು ಎಷ್ಟೋ ಮದುವೆ ಜನವರಿ 1ಕ್ಕೇ ನಡೆದಿವೆ. ಲಗ್ನಪತ್ರಿಕೆ ಹುಡುಕು, ಅದರಲ್ಲಿ ತಾರೀಖು, ಛತ್ರ, ಎರಡೂ ಕಡೆಯ ಹಿರಿಯರ ಹೆಸರು ಎಲ್ಲ ಇದೆ. ಅದನ್ನೂ ಸ್ಕ್ಯಾನ್ ಮಾಡಿ ವೀಡಿಯೊ ಜೊತೆಗೇ ಇಡು. ಫೈಲಿನ ಹೆಸರಿನಲ್ಲಿ ವರ್ಷ, ಊರು, ಸಂದರ್ಭ ಇರಲಿ. ‘ಫೈನಲ್-ಹೊಸದು-2’ ಅಂತ ಇಟ್ಟರೆ ನಾಳೆ ನಿನಗೇ ತಿಳಿಯೋದಿಲ್ಲ. ಒಂದು ಕಾಪಿ ನಿನ್ನ ಹತ್ತಿರ, ಒಂದು ಊರಿನ ಮನೆಯಲ್ಲಿ, ಇನ್ನೊಂದು ಬೆಂಗಳೂರಿನಲ್ಲಿರುವ ನಿಮ್ಮ ಅಕ್ಕನ ಮನೆಯಲ್ಲಿ. ಕ್ಯಾಸೆಟ್ಟನ್ನು ಮಾತ್ರ ಎಸೆಯಬೇಡ, ಇನ್ನೂ ಒಳ್ಳೆಯ ಮೆಷೀನು ಕೈಗೆ ಸಿಕ್ಕರೆ ಮತ್ತೊಮ್ಮೆ ಇಳಿಸಬಹುದು.

ಯೂಟ್ಯೂಬಿಗೆ ಹಾಕುವ ಮುಂಚೆ ಎರಡು ಸಲ ಯೋಚಿಸು. ಸಿನಿಮಾ ಹಾಡಿದ್ದರೆ ಹಾಡಿನ ಕಂಪನಿಯವರು ತಡೆಹಿಡಿಯುತ್ತಾರೆ, ಅದು ಸಣ್ಣ ವಿಷಯ. ಆ ಪಂಕ್ತಿಯಲ್ಲಿ ಕೂತವರ ನಡುವೆ ಆಮೇಲೆ ಏನೇನೋ ಆಗಿದೆ. ಜಮೀನಿನ ವ್ಯಾಜ್ಯ ಬಂದಿದೆ, ಸಂಬಂಧ ಮುರಿದಿದೆ, ಮಾತು ಬಿಟ್ಟಿದ್ದಾರೆ. ಕೇಳಿ ಹಾಕು. ನಾಟಕದ್ದಾದರೆ ಊರಿನವರೇ ಖುಷಿಯಿಂದ ಹಾಕು ಅಂತಾರೆ, ದುರ್ಯೋಧನನಂತೂ ನಾಳೆಯೇ ಹಾಕು ಅನ್ನುತ್ತಾನೆ.

ಭಾನುವಾರಕ್ಕೆ ಮುಗಿಸ್ತೀನಿ ಅಂದುಕೊಂಡಿದ್ದೆಯಲ್ಲ, ಅಷ್ಟರಲ್ಲಿ ಮುಗಿಯೋದಿಲ್ಲ ಅಂತ ಈಗ ನಿನಗೆ ಅರ್ಥವಾಗಿರಬೇಕು. ಇಷ್ಟು ಮಾಡು: ಪೆಟ್ಟಿಗೆಯಲ್ಲಿರುವ ಎಲ್ಲ ಕ್ಯಾಸೆಟ್ಟಿನ ಅಂಚಿನಲ್ಲಿ ಏನು ಬರೆದಿದೆ ಅಂತ ಫೋಟೋ ತೆಗೆದು ನನಗೆ ವಾಟ್ಸಾಪ್ ಮಾಡು. ಬೂಷ್ಟಿರುವುದನ್ನು ಬೇರೆ ಮಾಡು. ನನ್ನ ಹತ್ತಿರ ಒಂದು ಡೆಕ್ಕು ಇನ್ನೂ ಓಡುತ್ತದೆ, ಬೆಲ್ಟು ಮೊನ್ನೆ ತಾನೇ ಹಾಕಿಸಿದ್ದೇನೆ. ಮದುವೆಯದನ್ನು ಮೊದಲು ತರಬೇಡ, ಯಾವುದಾದರೂ ಸಿನಿಮಾ ರೆಕಾರ್ಡ್ ಮಾಡಿದ ಕ್ಯಾಸೆಟ್ಟು ತಾ, ಅದರ ಮೇಲೆ ಕೈ ಪಳಗಿಸಿಕೊಳ್ಳುವೆಯಂತೆ. ಖಾಲಿ ಹಾರ್ಡ್ ಡಿಸ್ಕು ಮರೀಬೇಡ, ಒಂದು ಟಿಬಿಯಾದರೂ ಇರಲಿ.